ತೊಂಬತ್ತು ಕಿಲೋಮೀಟರ್ ಹಿಮ, ಒಂದು ಲೋಟ ಬ್ಲೂಬೆರಿ ಸೂಪ್

ಶುಕ್ರವಾರ: ವೆಸ್ಟೆರೋಸ್‌ನಿಂದ ಮೋರಾ

ಸಾಲಾ ಎಂಬ ಊರು ದಾಟುತ್ತಿದ್ದಂತೆ ಹೊಲಗಳು ಮುಗಿದು ಕಾಡು ಶುರುವಾಯಿತು. ತಮ್ಮ ಕಾರು ಓಡಿಸುತ್ತಿದ್ದ. ಪಕ್ಕದಲ್ಲಿ ಅವನ ಹೆಂಡತಿ. ಹಿಂದಿನ ಸೀಟಿನಲ್ಲಿ ನಾನು, ನನ್ನ ಜೊತೆ ತಮ್ಮನ ಎರಡು ಸ್ಕೀಗಳು. ಅವು ಎಷ್ಟು ಉದ್ದ ಅಂದರೆ ಅವುಗಳ ಮೂತಿ ಮುಂದಿನ ಸೀಟುಗಳ ನಡುವೆ ತೂರಿ ಗೇರಿನ ಹತ್ತಿರ ಬಂದಿತ್ತು. ಹೊರಗೆ ಪೈನ್ ಮರ, ಹಿಮ, ಕೆಂಪು ಮನೆ. ಮತ್ತೆ ಪೈನ್ ಮರ, ಹಿಮ, ಕೆಂಪು ಮನೆ. ಆ ಕೆಂಪು ಬಣ್ಣ ಫಾಲುನ್ ಊರಿನ ಹಳೆಯ ತಾಮ್ರದ ಗಣಿಯ ಮಣ್ಣಿನಿಂದ ಬಂದದ್ದು. ಮರದ ಮನೆಗೆ ಅದನ್ನು ಬಳಿದರೆ ಹಿಮ, ಮಳೆಗೆ ಮರ ಬೇಗ ಹಾಳಾಗುವುದಿಲ್ಲವಂತೆ. ಬಿಳಿ ನೆಲದ ಮೇಲೆ ಆ ಕೆಂಪು ನೋಡಿದರೆ ಅಂಗಳದಲ್ಲಿ ಕೆಮ್ಮಣ್ಣು ಬಳಿದ ಹಾಗೆ ಕಾಣುತ್ತಿತ್ತು.

ತಮ್ಮ ಸ್ವೀಡನ್ನಿನ ವೆಸ್ಟೆರೋಸ್‌ಗೆ ಕೆಲಸಕ್ಕೆ ಹೋಗಿ ಒಂಬತ್ತು ವರ್ಷವಾಯಿತು. ಆ ಊರಿನಲ್ಲಿ ಬೆಂಗಳೂರಿನಿಂದ ಹೋದ ಇಂಜಿನಿಯರ್‌ಗಳು ಸಾಕಷ್ಟು ಜನ ಇದ್ದಾರೆ. ಮೊದಲ ಚಳಿಗಾಲದಲ್ಲಿ ಅವನು ಫೋನ್ ಮಾಡಿ, "ಅಕ್ಕಾ, ಮೂರು ಗಂಟೆಗೇ ಕತ್ತಲಾಗತ್ತೆ" ಅಂತ ಅಳುವುದೊಂದೇ ಬಾಕಿ. ಐದನೇ ಚಳಿಗಾಲಕ್ಕೆ ಸ್ಕೀ ಕಲಿತ. ಈ ವರ್ಷ ವಾಸಾಲೊಪ್ಪೆಟ್‌ಗೆ ಹೆಸರು ಕೊಟ್ಟಿದ್ದೇನೆ, ನೋಡಲು ಬಾ ಅಂದ. ವಾಸಾಲೊಪ್ಪೆಟ್ ಅಂದರೆ ವಾಸಾನ ಓಟ. ವಾಸಾ ಸ್ವೀಡನ್ನಿನ ಹಳೆಯ ರಾಜ. ಮಾರ್ಚ್ ತಿಂಗಳ ಮೊದಲ ಭಾನುವಾರ ನಡೆಯುತ್ತದೆ. ಸೇಲೆನ್ ಹತ್ತಿರದ ಒಂದು ಬಯಲಿನಿಂದ ಮೋರಾ ಪಟ್ಟಣದವರೆಗೆ 90 ಕಿಲೋಮೀಟರ್. ಅಷ್ಟನ್ನೂ ಸ್ಕೀ ಮೇಲೆ, ತಮ್ಮ ಕೈಕಾಲಿನ ಬಲದಿಂದಲೇ ಹೋಗಬೇಕು. ಹೊರಡುವವರು ಸುಮಾರು 15,800 ಜನ.

ಈ ಓಟದ ಯೋಚನೆ ಹುಟ್ಟಿದ್ದು ತಮ್ಮನ ಊರಿನಲ್ಲೇ ಎಂದು ಗೊತ್ತಾದಾಗ ನನಗೆ ಖುಷಿಯಾಯಿತು. ಆಂಡರ್ಸ್ ಪೆರ್ಸ್ ಎಂಬ ಪತ್ರಕರ್ತ ಮೋರಾ ಕಡೆಯವರು, ವೆಸ್ಟೆರೋಸ್‌ನಲ್ಲಿ ಪತ್ರಿಕೆ ನಡೆಸುತ್ತಿದ್ದರು. 1922ರ ಫೆಬ್ರವರಿ 10ರಂದು ತಮ್ಮ ಪತ್ರಿಕೆಯಲ್ಲಿ ಒಂದು ಲೇಖನ ಬರೆದರು. ಗುಸ್ತಾವ್ ವಾಸಾನ ನೆನಪಿಗೆ ಒಂದು ಸ್ಕೀ ಓಟ ಏಕೆ ಮಾಡಬಾರದು ಎಂದು ಕೇಳಿದರು. ಮೋರಾದ ಕ್ರೀಡಾ ಸಂಘ ಅದನ್ನು ಕೂಡಲೇ ಹಿಡಿದುಕೊಂಡಿತು. ಮಾರ್ಚ್ 19ಕ್ಕೆ ಓಟ ನಡೆದೇ ಹೋಯಿತು. ನಡುವೆ ಐದು ವಾರ ಅಷ್ಟೇ. ದೂರದ ಹಳ್ಳಿಗಳು, ಕಾಡಿನ ದಾರಿ, ಮಾರ್ಚ್ ಹಿಮ. ನಮ್ಮ ಊರಿನ ಜಾತ್ರೆಗೆ ಚಪ್ಪರ ಹಾಕುವ ತೀರ್ಮಾನಕ್ಕೇ ಐದು ವಾರ ಬೇಕು!

ದಾರಿಯಲ್ಲಿ ಒಂದು ಬೇಕರಿಯಲ್ಲಿ ನಿಂತೆವು. ಬಾಗಿಲು ತೆಗೆದ ಕೂಡಲೇ ಏಲಕ್ಕಿ ವಾಸನೆ. ಕಣ್ಣು ಮುಚ್ಚಿದ್ದರೆ ಸಕಲೇಶಪುರದ ಯಾವುದೋ ಮನೆಯ ಅಡುಗೆಮನೆ ಅಂದುಕೊಳ್ಳುತ್ತಿದ್ದೆ. ಸ್ವೀಡನ್ನಿನವರು ಬನ್ನಿಗೆ ಏಲಕ್ಕಿಯನ್ನು ಧಾರಾಳವಾಗಿ ಹಾಕುತ್ತಾರೆ. ಅದೂ ಪುಡಿಯಲ್ಲ, ತರಿತರಿಯಾಗಿ ಕುಟ್ಟಿದ್ದು. ಹಲ್ಲಿಗೆ ಸಿಕ್ಕಾಗ ಬಾಯೆಲ್ಲ ತಂಪು. ಈ ಕಡೆ ಬಂದವರು ಅದೊಂದನ್ನು ತಿನ್ನದೆ ಹೋಗಬೇಡಿ.

ಸಂಜೆ ನಾಲ್ಕರ ಹೊತ್ತಿಗೆ ಸಿಲ್ಯಾನ್ ಸರೋವರ ಕಂಡಿತು. ಸುಮಾರು 38 ಕೋಟಿ ವರ್ಷಗಳ ಹಿಂದೆ ಇಲ್ಲಿ ಒಂದು ದೊಡ್ಡ ಉಲ್ಕೆ ಬಿದ್ದಿತ್ತು. ಆ ಪೆಟ್ಟಿನ ವೃತ್ತದ ಅಂಚಿನಲ್ಲಿ ಇವತ್ತಿನ ಸರೋವರಗಳು ನಿಂತಿವೆ. ನಾವು ನೋಡಿದಾಗ ನೀರು ಎಲ್ಲೂ ಇರಲಿಲ್ಲ. ಉದ್ದಕ್ಕೂ ಬಿಳಿ ಬಯಲು, ಅದರ ಮೇಲೆ ಒಬ್ಬ ಅಪ್ಪ ಮಗುವನ್ನು ಜಾರುಬಂಡಿಯಲ್ಲಿ ಎಳೆದುಕೊಂಡು ನಡೆಯುತ್ತಿದ್ದ.

ಓಟದ ವಾರದಲ್ಲಿ ಮೋರಾದಲ್ಲಿ ಹೋಟೆಲ್ ರೂಮು ಸಿಗುವುದಿಲ್ಲ. ಹಿಂದಿನ ವರ್ಷವೇ ಬುಕ್ ಆಗಿರುತ್ತವೆ. ಆದರೆ ಸುತ್ತಲಿನ ಹಳ್ಳಿಯವರು ತಮ್ಮ ಮನೆಯ ಕೋಣೆಗಳನ್ನೇ ಬಿಟ್ಟುಕೊಡುತ್ತಾರೆ. ನಮಗೆ ನೂಸ್ನೆಸ್ ಎಂಬ ಹಳ್ಳಿಯಲ್ಲಿ ಜಾಗ ಸಿಕ್ಕಿತ್ತು. ಬಣ್ಣದ ಮರದ ಕುದುರೆಗಳನ್ನು ಕೆತ್ತುವ ಊರು ಅದು. ಮನೆಯೊಡತಿಗೆ ಎಪ್ಪತ್ತೆಂಟು ವರ್ಷ. ನಾವು ಅವರನ್ನು ನಮ್ಮ ನಮ್ಮಲ್ಲಿ ಅಜ್ಜಿ ಅನ್ನುತ್ತಿದ್ದೆವು. ತಮ್ಮನ ಹೆಂಡತಿಗೆ ಸ್ವೀಡಿಷ್ ಚೆನ್ನಾಗಿ ಬರುತ್ತದೆ. ನನಗೂ ಅಜ್ಜಿಗೂ ಅವಳೇ ಸೇತುವೆ.

ರಾತ್ರಿ ಊಟಕ್ಕೆ ಅಜ್ಜಿ ತೆಳು ರೊಟ್ಟಿ ಕೊಟ್ಟರು. ತುನ್‌ಬ್ರೋದ್ ಅಂತ ಅದರ ಹೆಸರು. ನಮ್ಮ ರೊಟ್ಟಿಯ ದೂರದ ನೆಂಟ. ನಾವು ತಂದಿದ್ದ ಪುಳಿಯೋಗರೆಯನ್ನು ಅವರು ಒಂದು ಚಮಚ ತಿಂದು, ಸ್ವಲ್ಪ ಹೊತ್ತು ಸುಮ್ಮನಿದ್ದು, ಇನ್ನೊಂದು ಚಮಚ ಹಾಕಿಕೊಂಡರು. ಹಜಾರದ ಗೋಡೆಯಲ್ಲಿ ಒಂದು ಹಳೆಯ ಪ್ರಮಾಣಪತ್ರ ತೂಗುಹಾಕಿತ್ತು. ವಾಸಾಲೊಪ್ಪೆಟ್ ಮುಗಿಸಿದವರಿಗೆ ಕೊಡುವುದು. ಒಬ್ಬ ಗಂಡಸಿನ ಹೆಸರಿತ್ತು. "ನಿಮ್ಮ ಯಜಮಾನರದ್ದಾ?" ಎಂದು ಕೇಳಿಸಿದೆ. ಅಜ್ಜಿ ನಕ್ಕರು. "ಹೆಸರು ಅವರದ್ದು. ಅದು ಉದ್ದದ ಕಥೆ, ಓಟ ಮುಗಿಯಲಿ" ಅಂದರು.

ಶನಿವಾರ: ಮೋರಾ ಪಟ್ಟಣ

ಬೆಳಿಗ್ಗೆ ಮೈನಸ್ 14. ಬಿಸಿಲು ಮಾತ್ರ ಕಣ್ಣು ಕುಕ್ಕುವಷ್ಟು. ಸ್ವೀಡನ್ನಿನ ಉತ್ತರದ ಕಡೆಯವರಿಗೆ ಈ ಹೊತ್ತಿಗೆ ಒಂದು ಬೇರೆ ಹೆಸರೇ ಇದೆ, ವೋರ್‌ವಿಂಟರ್, ಅಂದರೆ ವಸಂತದ ಚಳಿಗಾಲ. ನೆಲದಲ್ಲಿ ಹಿಮ, ಆಕಾಶದಲ್ಲಿ ವಸಂತ. ಬೆಳಿಗ್ಗೆ ಕಲ್ಲಿನಂತಿದ್ದ ಹಿಮ ಮಧ್ಯಾಹ್ನ ಸೂರಿನಿಂದ ತೊಟ್ಟಿಕ್ಕುತ್ತದೆ, ಸಂಜೆಗೆ ಮತ್ತೆ ಗಾಜಾಗುತ್ತದೆ.

ಆ ಗಾಜಿನ ಮೇಲೆಯೇ ನಾನು ಬಿದ್ದೆ. ಚರ್ಚಿನ ಮುಂದಿನ ಇಳಿಜಾರಿನಲ್ಲಿ ಮೊಣಕೈ ಊರಿ ಬಿದ್ದ ರಭಸಕ್ಕೆ ಕಣ್ಣು ಕತ್ತಲೆ ಬಂತು. ಯಾರೋ ಒಬ್ಬ ಹೆಂಗಸು ಓಡಿ ಬಂದು ಎಬ್ಬಿಸಿ, ಕೂರಿಸಿ, ತನ್ನ ಶೂ ಎತ್ತಿ ಅಡಿಭಾಗ ತೋರಿಸಿದರು. ರಬ್ಬರಿನ ಪಟ್ಟಿಯಲ್ಲಿ ಚಿಕ್ಕ ಚಿಕ್ಕ ಮೊಳೆಗಳು. ಬ್ರೋಡ್ಡಾರ್ ಅನ್ನುತ್ತಾರೆ. ಶೂ ಮೇಲೆ ಎಳೆದು ಹಾಕಿಕೊಂಡರೆ ಸಾಕು. ಹತ್ತಿರದ ಅಂಗಡಿಯಲ್ಲೇ ಕೊಂಡೆ. ಭಾರತದಿಂದ ದಪ್ಪ ಜಾಕೆಟ್ ಹೊತ್ತುಕೊಂಡು ಹೋಗುವುದಕ್ಕಿಂತ ಈ ಮೊಳೆಪಟ್ಟಿ ಮುಖ್ಯ. ಮೊಣಕೈ ಇವತ್ತಿಗೂ ನೋಯುತ್ತಿದೆ.

ನೋವು ಕಡಿಮೆಯಾಗುವವರೆಗೆ ಗುಸ್ತಾವ್ ವಾಸಾನ ಪ್ರತಿಮೆಯ ಹತ್ತಿರ ಕುಳಿತಿದ್ದೆ. ಅದನ್ನು ಮಾಡಿದವರು ಮೋರಾದವರೇ ಆದ ಪ್ರಸಿದ್ಧ ಕಲಾವಿದ ಆಂಡರ್ಸ್ ಸೋರ್ನ್. ಅಲ್ಲಿ ಕುಳಿತು ತಮ್ಮ ಹೇಳಿದ ಕಥೆ ಕೇಳಿದೆ. ಆಮೇಲೆ ಓಟದ ಮ್ಯೂಸಿಯಂನಲ್ಲಿ ಅದನ್ನೇ ಇನ್ನೊಮ್ಮೆ ಓದಿದೆ.

1520ರ ನವೆಂಬರ್. ಡೆನ್ಮಾರ್ಕಿನ ರಾಜ ಎರಡನೇ ಕ್ರಿಶ್ಚಿಯನ್ ಸ್ಟಾಕ್‌ಹೋಮ್‌ನಲ್ಲಿ ಸ್ವೀಡನ್ನಿನ ದೊಡ್ಡವರನ್ನೆಲ್ಲ ಹಿಡಿದು ತಲೆ ತೆಗೆಸಿದ. ಸತ್ತವರಲ್ಲಿ ಗುಸ್ತಾವ್‌ನ ತಂದೆಯೂ ಇದ್ದರು. ಈ ಯುವಕ ತಲೆ ತಪ್ಪಿಸಿಕೊಂಡು ಕಾಡಿನ ನಾಡಾದ ದಾಲಾರ್ನಾಕ್ಕೆ ಬಂದ. ಕ್ರಿಸ್‌ಮಸ್ ಹೊತ್ತಿಗೆ ಮೋರಾದ ಜನರನ್ನು ಸೇರಿಸಿ, ನನ್ನ ಜೊತೆ ಎದ್ದು ನಿಲ್ಲಿ ಎಂದು ಬೇಡಿಕೊಂಡ. ಜನ ಒಪ್ಪಲಿಲ್ಲ. ಬೇಸಾಯ, ಮಕ್ಕಳು, ಚಳಿ. ರಾಜನ ಎದುರು ನಿಲ್ಲುವುದು ಯಾರಿಗೆ ಬೇಕು? ಗುಸ್ತಾವ್ ಒಬ್ಬನೇ ನಾರ್ವೆಯ ಗಡಿಯ ಕಡೆ ಹೊರಟ.

ಅವನು ಹೋದ ಮೇಲೆ ಸ್ಟಾಕ್‌ಹೋಮ್‌ನ ಸುದ್ದಿ ಮೋರಾಕ್ಕೆ ಬಂತು. ಜನರ ಮನಸ್ಸು ತಿರುಗಿತು. ತಪ್ಪು ಮಾಡಿದೆವು ಅನ್ನಿಸಿತು. ಊರಿನ ಇಬ್ಬರು ಒಳ್ಳೆಯ ಸ್ಕೀಗಾರರನ್ನು, ಲಾರ್ಸ್ ಮತ್ತು ಎಂಗೆಲ್‌ಬ್ರೆಕ್ಟ್, ಹಿಂದೆಯೇ ಅಟ್ಟಿದರು. ಅವರು ಸೇಲೆನ್‌ನಲ್ಲಿ ಅವನನ್ನು ಹಿಡಿದು ವಾಪಸ್ ಕರೆತಂದರು. 1523ರ ಜೂನ್ 6ರಂದು ಅವನು ರಾಜನಾದ. ಇವತ್ತಿಗೂ ಅದು ಸ್ವೀಡನ್ನಿನ ರಾಷ್ಟ್ರೀಯ ದಿನ. ಇದರಲ್ಲಿ ಎಷ್ಟು ಇತಿಹಾಸ, ಎಷ್ಟು ಜನ ಕಟ್ಟಿಕೊಂಡ ಕಥೆ ಎಂಬ ಚರ್ಚೆ ಇದ್ದೇ ಇದೆ.

ನನ್ನ ಮನಸ್ಸಿನಲ್ಲಿ ಉಳಿದದ್ದು ರಾಜನಲ್ಲ, ಆ ಇಬ್ಬರು. ಬೇಡ ಅಂದ ಊರೇ ಆಮೇಲೆ ಚಳಿಯಲ್ಲಿ ಬೆನ್ನಟ್ಟಿ ಹೋಯಿತಲ್ಲ, ಅದು. ಓಟಕ್ಕೆ ರಾಜನ ಹೆಸರಿದೆ. ಆದರೆ ಅವನು ಓಡಿಹೋದ ದಿಕ್ಕಿಗೆ ಯಾರೂ ಓಡುವುದಿಲ್ಲ. ಸೇಲೆನ್‌ನಿಂದ ಮೋರಾಕ್ಕೆ, ಅವನನ್ನು ಕರೆತಂದ ದಿಕ್ಕಿಗೇ ಎಲ್ಲರೂ ಬರುತ್ತಾರೆ.

ಮ್ಯೂಸಿಯಂನಲ್ಲಿ ತುಂಬಾ ಹೊತ್ತು ಕಳೆದೆ. ಮೊದಲ ವರ್ಷ ಹೊರಟವರು 119 ಗಂಡಸರು. ಗೆದ್ದವರು ಉತ್ತರದ ನೂರ್ಷೋ ಕಡೆಯ ಎರ್ನ್ಸ್ಟ್ ಆಲ್ಮ್, ಆಗ 22 ವರ್ಷ. 7 ಗಂಟೆ 32 ನಿಮಿಷ 49 ಸೆಕೆಂಡ್. ಅವರಿಗಿಂತ ಚಿಕ್ಕ ವಯಸ್ಸಿನವರು ಯಾರೂ ಇನ್ನೂ ಗೆದ್ದಿಲ್ಲ. ಮೋರಾದ ಮನೆಮಗ ನಿಲ್ಸ್ ಕಾರ್ಲ್‌ಸನ್, ಎಲ್ಲರ ಬಾಯಲ್ಲಿ ಮೋರಾ-ನಿಸ್ಸೆ, 1943ರಿಂದ 1953ರ ನಡುವೆ ಒಂಬತ್ತು ಸಲ ಗೆದ್ದರು. ಹಿಮ ಸಾಲದೆ 1932, 1934, 1990ರಲ್ಲಿ ಓಟ ನಡೆಯಲೇ ಇಲ್ಲ. 2021ರಲ್ಲಿ ಕೋವಿಡ್‌ನಿಂದ ಆಯ್ದ ಕೆಲವರು ಮಾತ್ರ ಓಡಿದರು. ಹಳೆಯ ಮರದ ಸ್ಕೀಗಳು ಗೋಡೆಗೆ ಒರಗಿದ್ದವು. ಅವುಗಳ ಭಾರ ನೋಡಿದರೆ ಆಲ್ಮ್ ಅವರ ಏಳೂವರೆ ಗಂಟೆ ಇನ್ನೂ ದೊಡ್ಡದಾಗಿ ಕಂಡಿತು.

ಒಂದು ಫೋಟೋದ ಮುಂದೆ ನಾನು ಮತ್ತು ತಮ್ಮನ ಹೆಂಡತಿ ಇಬ್ಬರೂ ನಿಂತುಬಿಟ್ಟೆವು. ಮಾರ್ಗಿತ್ ನೂರ್ದಿನ್. ವ್ಯಾಯಾಮ ಕಲಿಸುತ್ತಿದ್ದ ಟೀಚರ್. 1923ರಲ್ಲಿ, ಎರಡನೇ ಓಟದಲ್ಲೇ, 90 ಕಿಲೋಮೀಟರನ್ನು 10 ಗಂಟೆ 9 ನಿಮಿಷ 42 ಸೆಕೆಂಡಿನಲ್ಲಿ ಮುಗಿಸಿದರು. ಶಭಾಷ್ ಅನ್ನಬೇಕಿತ್ತು ಅಲ್ವಾ? ಮರುವರ್ಷ, 1924ರಲ್ಲಿ, ಹೆಂಗಸರು ಓಡಬಾರದು ಎಂದು ಬಾಗಿಲು ಹಾಕಿದರು. ಆ ಬಾಗಿಲು ತೆರೆದದ್ದು 1981ರಲ್ಲಿ. ಲೆಕ್ಕ ಹಾಕಿದೆ, 57 ವರ್ಷ. ಒಂದು ಹುಡುಗಿ ಹುಟ್ಟಿ, ಓದಿ, ಮಕ್ಕಳಾಗಿ, ಮೊಮ್ಮಕ್ಕಳಾಗುವಷ್ಟು ಕಾಲ. ನನಗೆ ಸಿಟ್ಟು ಬಂತು. ಆ ಸಿಟ್ಟು ಇನ್ನೂ ಹೋಗಿಲ್ಲ.

ಮಧ್ಯಾಹ್ನ ತಮ್ಮ ಎದೆಯ ಮೇಲೆ ಕಟ್ಟಿಕೊಳ್ಳುವ ನಂಬರ್ ಬಟ್ಟೆ ಇಸಿದುಕೊಂಡ. ಮೊದಲ ಸಲದವರನ್ನು ಕಟ್ಟಕಡೆಯ ಗುಂಪಿನಲ್ಲಿ ನಿಲ್ಲಿಸುತ್ತಾರೆ. ಮುಂದಿನ ಗುಂಪು ಬೇಕಾದರೆ ಬೇರೆ ಓಟಗಳಲ್ಲಿ ಒಳ್ಳೆಯ ಸಮಯ ತೋರಿಸಿರಬೇಕು. ಓಡುವ ಆಸೆ ಇರುವವರು ಮುಂಚೆಯೇ ಅಂಥ ಒಂದು ಓಟ ಮುಗಿಸಿಕೊಳ್ಳುವುದು ಒಳ್ಳೆಯದು.

ಸಂಜೆಯೆಲ್ಲ ಮೇಣದ ಕೆಲಸ. ಸ್ಕೀ ನೇರವಾಗಿರುವುದಿಲ್ಲ, ನಡುವೆ ಬಿಲ್ಲಿನಂತೆ ಸ್ವಲ್ಪ ಎದ್ದಿರುತ್ತದೆ. ತುದಿಗಳಿಗೆ ಜಾರುವ ಮೇಣ, ನಡುವಿಗೆ ಹಿಡಿಯುವ ಮೇಣ. ಕಾಲು ಒತ್ತಿದಾಗ ನಡುಭಾಗ ಹಿಮಕ್ಕೆ ತಾಗಿ ಕಚ್ಚಿಕೊಳ್ಳುತ್ತದೆ. ಭಾರ ಬಿಟ್ಟರೆ ಮೇಲೆದ್ದು ಸ್ಕೀ ಜಾರುತ್ತದೆ. ಮುಂದಿನ ಸಾಲಿನ ವೀರರು ಈ ಹಿಡಿತದ ಮೇಣವನ್ನೇ ಬಿಟ್ಟು, ಎರಡು ಕೋಲು ಊರಿ ಊರಿ ತೋಳಿನ ಬಲದಲ್ಲೇ 90 ಕಿಲೋಮೀಟರ್ ಹೋಗುತ್ತಾರೆ. ತಮ್ಮನಂಥವರಿಗೆ ಮೇಣ ಬೇಕೇ ಬೇಕು. ಬೆಳಿಗ್ಗೆ ಮೈನಸ್ 14, ಮಧ್ಯಾಹ್ನ ಪ್ಲಸ್ 1 ಆದರೆ ಯಾವ ಮೇಣ? ಅಜ್ಜಿ ಕಟ್ಟಿಗೆ ಮನೆಯ ಬಾಗಿಲಲ್ಲಿ ನಿಂತು ನೋಡಿದರು. ಥರ್ಮಾಮೀಟರ್ ಮುಟ್ಟಲಿಲ್ಲ. ಒಂದು ಹಿಡಿ ಹಿಮ ತೆಗೆದು ಹಿಚುಕಿದರು. "ಗಟ್ಟಿ ಮೇಣವೇ ಹಾಕು, ಅರ್ಧ ದಾರಿಯ ಎವೆರ್ಟ್ಸ್‌ಬೆರ್ಗ್‌ನಲ್ಲಿ ಬದಲಿಸು" ಅಂದರು.

ಭಾನುವಾರ: ಸೇಲೆನ್, ಎವೆರ್ಟ್ಸ್‌ಬೆರ್ಗ್, ಮೋರಾ

ಬೆಳಗಿನ ಜಾವ ಎರಡೂವರೆಗೆ ಎದ್ದೆವು. ಅಜ್ಜಿ ಆಗಲೇ ಓಟ್ಸ್ ಗಂಜಿ ಕಾಯಿಸಿ ಇಟ್ಟಿದ್ದರು. ದಾರಿಯುದ್ದಕ್ಕೂ ಬಸ್ಸುಗಳ ಕೆಂಪು ದೀಪದ ಸಾಲು. ಮೋರಾದಿಂದ ಸ್ಪರ್ಧಿಗಳಿಗೆ ಬಸ್ಸಿದೆ, ಅದರಲ್ಲೇ ಹೋಗುವುದು ಸುಲಭ. ನಾನು ಹೊರಡುವ ಜಾಗ ನೋಡಲೇಬೇಕು ಅಂದದ್ದಕ್ಕೆ ನಾವು ಕಾರು ತೆಗೆದೆವು.

ಆ ಬಯಲನ್ನು ಹೇಗೆ ವರ್ಣಿಸಲಿ? ಇನ್ನೂ ಕತ್ತಲು. ಜನ ಬಂದು ತಮ್ಮ ಸ್ಕೀಗಳನ್ನು ಹಿಮದ ಗೆರೆಗಳಲ್ಲಿ ಮಲಗಿಸಿ ಜಾಗ ಹಿಡಿಯುತ್ತಿದ್ದರು. ಬೆಳಕು ಹರಿದಾಗ ಬಯಲಿನ ತುಂಬ ಸ್ಕೀಗಳು, ಗದ್ದೆಯಲ್ಲಿ ನಾಟಿ ಹಾಕಿದ ಹಾಗೆ ಸಾಲು ಸಾಲು. ಬೆಚ್ಚಗಿನ ಬಟ್ಟೆ ಬಿಚ್ಚಿ ಚೀಲದಲ್ಲಿ ತುಂಬಿ ಲಾರಿಗೆ ಎಸೆದರು. ಆ ಚೀಲ ಮೋರಾದಲ್ಲಿ ಸಿಗುತ್ತದೆ. ಅಲ್ಲಿಗೆ ತಲುಪಲೇಬೇಕು ಅನ್ನುವುದಕ್ಕೆ ಅದೂ ಒಂದು ಕಾರಣ ಎಂದ ಪಕ್ಕದವನೊಬ್ಬ. ನನ್ನ ಫೋನ್ ಚಳಿಗೆ ಸತ್ತುಹೋಯಿತು. ಒಳಜೇಬಿನಲ್ಲಿ, ಮೈಗೆ ತಾಗುವಂತೆ ಇಟ್ಟುಕೊಂಡಿದ್ದರೆ ಬದುಕುತ್ತಿತ್ತು.

ಎಂಟು ಗಂಟೆಗೆ ಸರಿಯಾಗಿ ಹೊರಟರು. ಕೂಗಾಟ ಇರಬಹುದು ಅಂದುಕೊಂಡಿದ್ದೆ. ಕೇಳಿದ್ದು ಒಂದು ಸರಸರ ಸದ್ದು, ಒಣಗಿದ ಅಡಿಕೆ ಸೋಗೆ ಎಳೆದ ಹಾಗೆ, ಸಾವಿರಾರು ಸ್ಕೀಗಳದ್ದು. ಬಯಲು ಮುಗಿಯುತ್ತಲೇ ಸುಮಾರು ಮೂರು ಕಿಲೋಮೀಟರ್ ಏರು. ಅಷ್ಟು ಅಗಲದ ಬಯಲಿನ ಜನವೆಲ್ಲ ಆ ಏರಿನಲ್ಲಿ ಇಕ್ಕಟ್ಟಾಗುತ್ತಾರೆ. ಹಿಂದಿನವರು ಒಂದೊಂದು ಹೆಜ್ಜೆಗೆ ನಿಂತು ನಿಂತು ಹೋಗಬೇಕು. ಕೋಲು ಮುರಿಯುವುದೂ ಅಲ್ಲೇ ಜಾಸ್ತಿ. ತಮ್ಮನ ನೀಲಿ ಟೋಪಿ ಬಹಳ ಹೊತ್ತು ಕಾಣುತ್ತಿತ್ತು, ಆಮೇಲೆ ಕಾಣಲಿಲ್ಲ.

ನಾವಿಬ್ಬರೂ ಕಾರಿನಲ್ಲಿ ಎವೆರ್ಟ್ಸ್‌ಬೆರ್ಗ್‌ಗೆ ಹೊರಟೆವು. ಅರ್ಧ ದಾರಿಯಲ್ಲಿ ಎದುರಿನ ಬಸ್ಸಿಗೆ ಜಾಗ ಕೊಡಲು ಬದಿಗೆ ಹೋದ ಕಾರು ಮೆಲ್ಲಗೆ ಜಾರಿ ಹಿಮದ ಗುಡ್ಡೆಗೆ ಮೂತಿ ಹುದುಗಿಸಿ ನಿಂತಿತು. ತಮ್ಮನ ಹೆಂಡತಿ ಸ್ಟೀರಿಂಗ್ ಹಿಡಿದು ಅಳುಮುಖ ಮಾಡಿದಳು. ಐದೇ ನಿಮಿಷ. ಹಿಂದಿನಿಂದ ಬಂದ ಹಳೆಯ ಪಿಕಪ್ಪಿನಿಂದ ಒಬ್ಬರು ಇಳಿದರು. ಮಾತಿಲ್ಲ, ಕತೆಯಿಲ್ಲ. ಹಗ್ಗ ಕಟ್ಟಿ ಎಳೆದರು. "ವಾಸಾ ಭಾನುವಾರ ನಾನು ಹಗ್ಗ ಇಟ್ಟುಕೊಂಡೇ ಮನೆ ಬಿಡುವುದು" ಎಂದರಂತೆ. ಇಲ್ಲಿ ಬಾಡಿಗೆ ಕಾರು ತೆಗೆದುಕೊಳ್ಳುವವರು ಚಳಿಗಾಲದ ಟೈರ್ ಇದ್ದರೂ ರಸ್ತೆಯ ಅಂಚನ್ನು ನಂಬಬೇಡಿ. ಅಂಚು ಅನ್ನಿಸಿದ್ದು ಸುಮ್ನೆ ಹಿಮ, ಕೆಳಗೆ ಚರಂಡಿ ಇರುತ್ತದೆ.

ಎವೆರ್ಟ್ಸ್‌ಬೆರ್ಗ್ ಮುಟ್ಟಿದಾಗ ಮಧ್ಯಾಹ್ನ. ಮುಂದಿನ ಸಾಲಿನವರು ಎಂದೋ ಹೋಗಿದ್ದರು. ಗೆದ್ದವರು ಮೋರಾದಲ್ಲಿ ಊಟಕ್ಕೆ ಕುಳಿತಿರಬೇಕು! ಇದು 47ನೇ ಕಿಲೋಮೀಟರ್, ಅರ್ಧ ದಾಟಿದ ಜಾಗ. ಇದಕ್ಕೆ ಮೊದಲು ಬರುವ ಠಾಣ್ಯಗಳು ಸ್ಮೋಗನ್, ಮೋಂಗ್ಸ್‌ಬೂದಾರ್ನಾ, ರೀಸ್‌ಬೆರ್ಗ್. ಆಮೇಲೆ ಓಕ್ಸ್‌ಬೆರ್ಗ್, ಹೋಕ್‌ಬೆರ್ಗ್, ಎಲ್‌ಡ್ರಿಸ್, ಮೋರಾ. ಈ ಹೆಸರುಗಳನ್ನು ಸ್ವೀಡನ್ನಿನ ಮಕ್ಕಳು ಕೂಡ ಬಾಯಿಪಾಠ ಹೇಳುತ್ತಾರೆ. ನಾನೂ ಅಲ್ಲಿ ನಿಂತು ಕಲಿತೆ.

ಪ್ರತಿ ಠಾಣ್ಯದಲ್ಲೂ ಬ್ಲೂಬೆರಿ ಸೂಪ್ ಕೊಡುತ್ತಾರೆ. ಸೂಪ್ ಅಂದರೆ ಖಾರದ್ದಲ್ಲ. ಕಾಡಿನ ನೀಲಿ ಹಣ್ಣನ್ನು ಸಕ್ಕರೆ, ಗಂಜಿಹಿಟ್ಟಿನ ಜೊತೆ ಕುದಿಸಿದ್ದು. ಬಣ್ಣ ನೇರಳೆ ಹಣ್ಣಿನ ರಸದಂತೆ, ಹದ ತೆಳು ಅಂಬಲಿಯಂತೆ. ಬಿಸಿ ಬಿಸಿ, ಹುಳಿ ಸಿಹಿ. ಗಂಟಲಲ್ಲಿ ಇಳಿದರೆ ಹೊಟ್ಟೆಯೊಳಗೆ ದೀಪ ಹಚ್ಚಿದ ಹಾಗೆ. ಲೋಟ ಹಿಡಿದು ನಿಂತಿದ್ದವರೆಲ್ಲ ಊರಿನವರು. ಓಟದ ಮಾಲೀಕರು ಮೋರಾ ಮತ್ತು ಸೇಲೆನ್‌ನ ಎರಡು ಕ್ರೀಡಾ ಸಂಘಗಳು. ಜಾಡು ಮಾಡುವುದು, ಸೂಪ್ ಕಾಯಿಸುವುದು, ಬಿದ್ದ ಲೋಟ ಹೆಕ್ಕುವುದು, ಎಲ್ಲ ಸುತ್ತಲಿನ ಹಳ್ಳಿಗಳ ಸಂಘದವರು. ದೊಡ್ಡ ಹಂಡೆಯ ಹತ್ತಿರ ಸೌಟು ಹಿಡಿದಿದ್ದ ಒಬ್ಬರು ಮೂವತ್ತೊಂದು ವರ್ಷದಿಂದ ಅದೇ ಜಾಗದಲ್ಲಿ ನಿಲ್ಲುತ್ತಿದ್ದಾರಂತೆ. ಅದಕ್ಕೆ ಮುಂಚೆ ಅವರ ತಾಯಿ ನಿಲ್ಲುತ್ತಿದ್ದರಂತೆ. "ನೀವು ಓಡಿಲ್ಲವಾ?" ಎಂದು ಕೇಳಿದೆ. "ಎಲ್ಲರೂ ಓಡಿದರೆ ಸೂಪ್ ಯಾರು ಕೊಡಬೇಕು?" ಅಂದರು.

ನಮ್ಮ ಥರ್ಮಾಸಿನಲ್ಲಿ ಮೆಣಸಿನ ಸಾರಿತ್ತು. ಒಂದು ಲೋಟ ಅವರಿಗೂ ಕೊಟ್ಟೆವು. ಒಂದು ಗುಟುಕಿಗೆ ಕಣ್ಣಲ್ಲಿ ನೀರು ಬಂತು. ಲೋಟ ಖಾಲಿ ಮಾಡಿ, "ಇದನ್ನು ಹಂಡೆಯಲ್ಲಿ ಮಾಡುವುದು ಹೇಗೆ?" ಎಂದು ಕೇಳಿದರು. ತಮ್ಮನ ಹೆಂಡತಿ ಅವರಿಗೆ ಅಲ್ಲೇ ಕಾಗದದ ಲೋಟದ ಮೇಲೆ ಬರೆದುಕೊಟ್ಟಳು: ಕಾಳುಮೆಣಸು, ಜೀರಿಗೆ, ಬೆಳ್ಳುಳ್ಳಿ, ಹುಣಸೆ.

ಒಂದೂ ಮುಕ್ಕಾಲಿಗೆ ನೀಲಿ ಟೋಪಿ ಬಂತು. ಮುಖದ ಮೇಲೆ ಬೆವರು ಉಪ್ಪಾಗಿ ಒಣಗಿತ್ತು. ಬಿಸಿಲಿಗೆ ಮೇಲಿನ ಹಿಮ ಕರಗಿ ಜಾಡು ಒದ್ದೆಯಾಗಿ, ಬೆಳಗಿನ ಮೇಣ ಹಿಡಿಯದೆ, ಏರಿನಲ್ಲೆಲ್ಲ ಸ್ಕೀ ಹಿಂದಕ್ಕೆ ಜಾರಿತಂತೆ. ಅಜ್ಜಿ ಹೇಳಿದಂತೆಯೇ ಆಯಿತು. ಮೇಣ ಹಚ್ಚಿಕೊಡುವವರು ಕ್ಲಿಸ್ಟರ್ ಎಂಬ ಜೇನಿನಂಥ ಅಂಟು ಬಳಿದರು. ಒದ್ದೆ ಹಿಮಕ್ಕೆ ಅದೇ ಬೇಕು. "ಅಕ್ಕಾ, ಕೈ ಎತ್ತಕ್ಕೆ ಆಗ್ತಿಲ್ಲ" ಅಂದ. ಬೇಡ ಬಿಡು, ಕಾರಿದೆ, ಹತ್ತು ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಅವನ ಹೆಂಡತಿ ಸಾರಿನ ಲೋಟ ಅವನ ಬಾಯಿಗೆ ಹಿಡಿದು, "ಓಕ್ಸ್‌ಬೆರ್ಗ್‌ವರೆಗೆ ಇಳಿಜಾರು ಜಾಸ್ತಿ ಇದೆ, ಹೋಗಿ" ಅಂದಳು. ಹೋದ. ಪ್ರತಿ ಠಾಣ್ಯಕ್ಕೂ ಒಂದು ಗಡುವಿದೆ. ಮೀರಿದರೆ ಹಗ್ಗ ಎಳೆದು ನಿಲ್ಲಿಸಿ ಬಸ್ಸು ಹತ್ತಿಸುತ್ತಾರೆ. ನಾವು ಹೊರಡುವಾಗ ಆ ಹಗ್ಗ ಹಿಡಿಯುವ ಹುಡುಗರು ಬಂದು ನಿಂತಿದ್ದರು.

ಮೋರಾದಲ್ಲಿ ಆರಕ್ಕೆಲ್ಲ ಕತ್ತಲು. ಚರ್ಚಿನ ಹಳೆಯ ಗಂಟೆಗೋಪುರದ ಹತ್ತಿರವೇ ಕೊನೆಯ ಗೆರೆ. ಮೇಲೆ ಕಮಾನು, ಅದರ ಮೇಲೆ ಬರೆದದ್ದನ್ನು ತಮ್ಮನ ಹೆಂಡತಿ ಓದಿ ಹೇಳಿದಳು: ಹಿರಿಯರ ಜಾಡಿನಲ್ಲಿ, ಮುಂದಿನ ಗೆಲುವುಗಳಿಗೆ. ಗೆದ್ದ ಗಂಡಸಿನ ಕೊರಳಿಗೆ ಹಸಿರೆಲೆಯ ದೊಡ್ಡ ಹಾರ ಹಾಕುವುದು ನಾಡಿನ ಉಡುಪು ತೊಟ್ಟ ಊರ ಹುಡುಗಿ. ಅದೆಲ್ಲ ಮಧ್ಯಾಹ್ನವೇ ಮುಗಿದಿತ್ತು. ಆದರೂ ಜನ ಹೋಗಿರಲಿಲ್ಲ. ಬೇಲಿಗೆ ಒರಗಿ, ಯಾರೋ ಗೊತ್ತಿಲ್ಲದವರಿಗೆ ಕೈ ತಟ್ಟುತ್ತಿದ್ದರು. ಹಣೆಯ ದೀಪಗಳು ಕತ್ತಲಲ್ಲಿ ಒಂದೊಂದೇ ಬರುತ್ತಿದ್ದವು, ದೂರದಿಂದ ಕಾರ್ತಿಕದ ದೀಪಗಳು ನಡೆದು ಬಂದ ಹಾಗೆ. ಕೆಲವರು ಅಳುತ್ತಾ ಬಂದರು. ಒಬ್ಬ ಮುದುಕರು ಗೆರೆ ದಾಟಿ ಸ್ಕೀ ಬಿಚ್ಚಲು ಬಗ್ಗಲಾಗದೆ ನಿಂತಾಗ ಒಂದು ಪುಟ್ಟ ಹುಡುಗಿ ಬಂದು ಬಿಚ್ಚಿಕೊಟ್ಟಳು.

ಏಳು ಇಪ್ಪತ್ತಾರಕ್ಕೆ ತಮ್ಮ ಬಂದ. 11 ಗಂಟೆ 26 ನಿಮಿಷ. ನಾನು ಕೂಗಿದ ಕೂಗಿಗೆ ಪಕ್ಕದವರು ತಿರುಗಿ ನೋಡಿ ಅವರೂ ಕೂಗಿದರು. ಮೊದಲಿಗೆ ಅವನು ಹೇಳಿದ ಮಾತು, "ನೂರು ವರ್ಷದ ಹಿಂದೆ ಮಾರ್ಗಿತ್ ನನಗಿಂತ ಒಂದೂಕಾಲು ಗಂಟೆ ಮುಂಚೆ ಬಂದಿದ್ರು ಅಕ್ಕಾ. ಅದೂ ಮರದ ಸ್ಕೀ ಮೇಲೆ. ಹೋಕ್‌ಬೆರ್ಗ್‌ನಿಂದ ಅವರನ್ನೇ ನೆನೆಸ್ಕೊಂಡು ಬಂದೆ."

ಸೋಮವಾರ: ನೂಸ್ನೆಸ್

ಬೆಳಿಗ್ಗೆ ತಮ್ಮನಿಗೆ ಮೆಟ್ಟಿಲು ಇಳಿಯಲು ಆಗಲಿಲ್ಲ, ಕುಳಿತು ಕುಳಿತು ಇಳಿದ. ಅಜ್ಜಿ ಅವನ ಕೈಗವಸುಗಳನ್ನು ಒಲೆಯ ಮೇಲೆ ಒಣಗಿಸಿದ್ದರು. ಕಾಫಿ ಬಗ್ಗಿಸಿ, ಗೋಡೆಯ ಪ್ರಮಾಣಪತ್ರವನ್ನು ತೆಗೆದು ಮೇಜಿನ ಮೇಲಿಟ್ಟರು.

1970ರ ದಶಕದ ಒಂದು ವರ್ಷ. ಓಟಕ್ಕೆ ಮೂರು ದಿನ ಮೊದಲು ಯಜಮಾನರ ಮಂಡಿ ತಿರುಚಿತು. ನಂಬರ್ ಬಟ್ಟೆ ಮನೆಯಲ್ಲಿತ್ತು. "ನೀನು ಹೋಗು" ಅಂದವರು ಅವರೇ. ಈಕೆ ಕೂದಲನ್ನು ಟೋಪಿಯೊಳಗೆ ಸೇರಿಸಿ, ಗಂಡನ ಜಾಕೆಟ್ ಹಾಕಿಕೊಂಡು ಹೊರಟರು. ದನಿಯಿಂದ ಗುರುತು ಸಿಗಬಹುದೆಂದು ದಿನವೆಲ್ಲ ಒಂದು ಮಾತೂ ಆಡಲಿಲ್ಲ. ಓಕ್ಸ್‌ಬೆರ್ಗ್‌ನಲ್ಲಿ ಸೂಪ್ ಕೊಡುತ್ತಿದ್ದವನು ಊರವನೇ. ನೋಡಿದ, ಗುರುತು ಹಿಡಿದ. ಏನೂ ಹೇಳದೆ ಲೋಟವನ್ನು ಎರಡು ಸಲ ತುಂಬಿದ. ಹೀಗೆ ಗಂಡಸರ ಹೆಸರಿನಲ್ಲಿ ಓಡಿದ ಹೆಂಗಸರು ಆ ಕಾಲದಲ್ಲಿ ಇನ್ನೂ ಇದ್ದರು.

"1981ರಲ್ಲಿ ಬಾಗಿಲು ತೆಗೆದಾಗ ಮತ್ತೆ ಓಡಲಿಲ್ಲವಾ?" ಎಂದು ಕೇಳಿದೆ. ಆಗ ಮೂರನೇ ಮಗು ಹೊಟ್ಟೆಯಲ್ಲಿತ್ತಂತೆ. ಆಮೇಲೆ ಹೊಲ, ಅತ್ತೆಯ ಕಾಯಿಲೆ. ಓಕ್ಸ್‌ಬೆರ್ಗ್‌ನಿಂದ ಮೋರಾಕ್ಕೆ ಹೆಂಗಸರಿಗೆಂದೇ 30 ಕಿಲೋಮೀಟರಿನ ಓಟ 1988ರಲ್ಲಿ ಶುರುವಾಯಿತು. ಅದಕ್ಕೆ ಹಲವು ಸಲ ಹೋದರು. ದೊಡ್ಡ ಓಟ ಮಾತ್ರ ಆ ಒಂದೇ. ಮುಗಿಸಿದ ಸಮಯ ಎಷ್ಟು ಅಂತ ನಾನು ಕೇಳುವ ಮೊದಲೇ ಬೆರಳಿಟ್ಟು ತೋರಿಸಿದರು. 8 ಗಂಟೆ 51 ನಿಮಿಷ. ತಮ್ಮ ಕುರ್ಚಿಯಿಂದ ಕಷ್ಟಪಟ್ಟು ಎದ್ದು ಅವರ ಕಾಲು ಮುಟ್ಟಿದ. ಅಜ್ಜಿಗೆ ಅರ್ಥವಾಗಲಿಲ್ಲ, ಅವನ ಶೂ ಲೇಸು ಬಿಚ್ಚಿದೆಯಾ ಎಂದು ಬಗ್ಗಿ ನೋಡಿದರು. ತಮ್ಮನ ಹೆಂಡತಿ ವಿವರಿಸಿದಳು. ಆಮೇಲೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಕೊಡಗಿನ ಭವಾನಿ ತೆಕ್ಕಡ ನಂಜುಂಡ ಭಾರತದ ಪರವಾಗಿ ಇದೇ ಬಗೆಯ ಸ್ಕೀಯಿಂಗ್‌ನಲ್ಲಿ ಸ್ಪರ್ಧಿಸುತ್ತಾರೆ ಎಂದು ನಾನು ಅಜ್ಜಿಗೆ ಹೇಳಿಸಿದೆ. ನಮ್ಮ ಕಡೆಯ ಹುಡುಗಿ, ಕಾಫಿ ಬೆಳೆಯುವ ಊರು, ಅಲ್ಲಿ ಹಿಮವೇ ಬೀಳುವುದಿಲ್ಲ ಅಂದೆ. ಅಜ್ಜಿ ತಮ್ಮನ ಹೆಂಡತಿಯ ಕಡೆ ನೋಡಿದರು. "ಇವಳು ಒಂಬತ್ತು ವರ್ಷದಿಂದ ಹಿಮದಲ್ಲೇ ಇದ್ದಾಳೆ. ಇವಳೇಕೆ ಬೇಲಿಯ ಹೊರಗೆ ನಿಲ್ಲಬೇಕು?"

ಕಟ್ಟಿಗೆ ಮನೆಯಿಂದ ಮೊಮ್ಮಗಳ ಸ್ಕೀ, ಶೂ ಬಂದವು. ಶೂ ಒಂದು ಅಳತೆ ದೊಡ್ಡದು, ಎರಡು ಜೊತೆ ಸಾಕ್ಸ್ ಹಾಕಿದಳು. ಮನೆಯ ಹಿಂದಿನ ಹೊಲದಲ್ಲಿ ಮಕ್ಕಳು ಮಾಡಿದ ಜಾಡಿತ್ತು, ದೂರದ ಬೇಲಿಯವರೆಗೆ. ಮೈನಸ್ 6, ಗಾಳಿಯಿಲ್ಲ. ಅಜ್ಜಿ ಕೋಲು ಹಿಡಿಯುವುದು ತೋರಿಸಿದರು, ಮಂಡಿ ಬಗ್ಗಿಸು ಅಂದರು. ತಮ್ಮ ಕಿಟಕಿಯಿಂದಲೇ ಏನೇನೋ ಕೂಗುತ್ತಿದ್ದ. ಅವಳು ಎರಡು ಸಲ ಬಿದ್ದಳು, ಎದ್ದಳು. ಬೇಲಿ ಮುಟ್ಟಿ ತಿರುಗಿ, ಕೆಂಪು ಮುಖ ಮಾಡಿಕೊಂಡು ವಾಪಸ್ ಬಂದಳು. ಅಜ್ಜಿ ಅಷ್ಟು ಹೊತ್ತೂ ಕೈಗಡಿಯಾರ ನೋಡುತ್ತಿದ್ದರೆಂದು ನನಗೆ ಆಗ ಗೊತ್ತಾಯಿತು.

ಒಳಗೆ ಬಂದು ಅಡುಗೆಮನೆಯ ಕ್ಯಾಲೆಂಡರಿನ ಹತ್ತಿರ ಪೆನ್ಸಿಲ್ ಹಿಡಿದು ನಿಂತರು. ಅವಳ ಪೂರ್ತಿ ಹೆಸರು ಕೇಳಿದರು. ಒಂದೊಂದೇ ಅಕ್ಷರ ಹೇಳಿಸಿಕೊಂಡು, ಆ ದಿನದ ಚೌಕದಲ್ಲಿ ನಿಧಾನವಾಗಿ ಬರೆದರು. ಪಕ್ಕದಲ್ಲಿ 4 ನಿಮಿಷ 10 ಸೆಕೆಂಡ್ ಅಂತ ಹಾಕಿದರು.